ತಪಸ್ಸುಕಾಲಕ್ಕೆ ಯಾವುದನ್ನು ಆರಿಸಿಕೊಳ್ಳುವುದು: ಎರಡು ಪ್ರಾರ್ಥನಾ ಸೇವೆಗಳು, ಒಂದು ಶಿಲುಬೆಹಾದಿ

ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ದೇವಾಲಯದಿಂದ ಹೊರಬರುವಾಗ ನಮ್ಮಲ್ಲಿರುವ ಉತ್ಸಾಹ ಮೂರನೆಯ ವಾರದ ಹೊತ್ತಿಗೆ ಉಳಿದಿರುವುದಿಲ್ಲ ಎಂಬುದು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ಅವಧಿಯಾದ ತಪಸ್ಸುಕಾಲವನ್ನು ಆಚರಿಸುವ ಎಲ್ಲರಿಗೂ ತಿಳಿದ ಸಂಗತಿ. 2025ರಲ್ಲಿ ಮಾರ್ಚ್ 5ರ ವಿಭೂತಿ ಬುಧವಾರದಿಂದ ಏಪ್ರಿಲ್ 19ರ ಪವಿತ್ರ ಶನಿವಾರದವರೆಗೆ ಒಟ್ಟು 46 ದಿನಗಳಿದ್ದವು. ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಆ ಆರನ್ನು ಕಳೆದರೆ ರೂಢಿಯ ಲೆಕ್ಕದ 40 ಉಳಿಯುತ್ತದೆ. ಆ ನಲವತ್ತು ದಿನಗಳಲ್ಲಿ ನಾನು ಬಳಸಿ ನೋಡಿದ ಪ್ರಾರ್ಥನಾ ಕ್ರಮಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಅವುಗಳನ್ನು ತೂಗಲು ನಾನಿಟ್ಟುಕೊಂಡ ಅಳತೆಗೋಲು ಒಂದೇ: ಒಂದು ದಿನ ತಪ್ಪಿಸಿಕೊಂಡವನನ್ನು ಆ ಕ್ರಮವು ಮರುದಿನ ಹೇಗೆ ಬರಮಾಡಿಕೊಳ್ಳುತ್ತದೆ? ತಪ್ಪದೆ ನಡೆಸಿಕೊಂಡು ಹೋಗುವವರಿಗೆ ಯಾವ ಕ್ರಮವಾದರೂ ಸಾಕು, ಅವರಿಗೆ ಈ ವಿಮರ್ಶೆಯ ಅಗತ್ಯವಿಲ್ಲ.

ಮೊದಲನೆಯದು ಐರ್ಲೆಂಡಿನ ಯೇಸುಸಭೆಯವರು (ಜೆಸ್ವಿಟರು) 1999ರಲ್ಲಿ ಆರಂಭಿಸಿದ 'ಸೇಕ್ರೆಡ್ ಸ್ಪೇಸ್' ಎಂಬ ಅಂತರಜಾಲದ ಪ್ರಾರ್ಥನಾ ತಾಣ. ದಿನದ ಪ್ರಾರ್ಥನೆಯನ್ನು ಇಲ್ಲಿ ಆರು ಹಂತಗಳಾಗಿ ವಿಂಗಡಿಸಿದ್ದಾರೆ: ದೇವರ ಸಾನ್ನಿಧ್ಯವನ್ನು ನೆನೆಯುವುದು, ಮನಸ್ಸಿನ ಬಿಡುಗಡೆಯನ್ನು ಬೇಡುವುದು, ಕಳೆದ ದಿನವನ್ನು ಅರಿವಿನಿಂದ ನೋಡುವುದು, ಅಂದಿನ ವಾಕ್ಯವನ್ನು ಓದುವುದು, ಯೇಸುವಿನೊಡನೆ ಮಾತನಾಡುವುದು, ಮುಗಿಸುವುದು. ಎಲ್ಲವೂ ಸೇರಿ ಹತ್ತು ನಿಮಿಷದಷ್ಟು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರು ಹದಿನಾರನೆಯ ಶತಮಾನದಲ್ಲಿ ಕಲಿಸಿದ ಆತ್ಮಪರಿಶೀಲನೆಯ ಕ್ರಮವೇ ಇದರ ಬೆನ್ನೆಲುಬು ಎಂಬುದು ಮೂರನೆಯ ಹಂತಕ್ಕೆ ಬಂದಾಗ ಸ್ಪಷ್ಟವಾಗುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ನಾವೇ ಮುಂದಿನ ಪುಟವನ್ನು ತೆರೆಯಬೇಕಾದ್ದರಿಂದ ಮನಸ್ಸು ಎಲ್ಲೋ ಅಲೆದಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ನಾನು ಇದನ್ನು ಇಂಗ್ಲಿಷಿನಲ್ಲಿ ಬಳಸಿದೆ, ಆದರೆ ವಾಕ್ಯದ ಹಂತಕ್ಕೆ ಬಂದಾಗ ಪಕ್ಕದಲ್ಲಿದ್ದ ಕನ್ನಡ ಬೈಬಲನ್ನು ತೆರೆದು ಅದೇ ಭಾಗವನ್ನು ಓದಿಕೊಂಡೆ. ಈ ಚಿಕ್ಕ ತೊಡಕೇ ಒಂದು ಲಾಭವಾಯಿತು, ಏಕೆಂದರೆ ಪುಟ ತಿರುವುವಷ್ಟು ಹೊತ್ತು ಕಣ್ಣು ತೆರೆಯಿಂದ ದೂರವಿರುತ್ತಿತ್ತು. ನಡುವೆ ನಾಲ್ಕು ದಿನ ಆ ಕಡೆ ತಲೆಯೇ ಹಾಕದೆ ಐದನೆಯ ದಿನ ಹೋದಾಗ, ಅಂದಿನ ಪ್ರಾರ್ಥನೆ ಅಂದಿನದೇ ಆಗಿ ತೆರೆದುಕೊಂಡಿತು. ತಪ್ಪಿದ ನಾಲ್ಕು ದಿನಗಳ ಮಾತು ಎಲ್ಲಿಯೂ ಬರಲಿಲ್ಲ.

ಎರಡನೆಯದು ಬ್ರಿಟನ್ನಿನ ಯೇಸುಸಭೆಯವರು 2006ರಲ್ಲಿ ಹೊರತಂದ 'ಪ್ರೇ ಆಸ್ ಯು ಗೋ'. ಇದು ಓದುವುದಲ್ಲ, ಕೇಳುವುದು. ಸ್ವಲ್ಪ ಸಂಗೀತ, ಅಂದಿನ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಭಾಗ) ಅಥವಾ ಬೇರೊಂದು ವಾಚನ, ಅದರ ಮೇಲೆ ಕೆಲವು ಮೆಲುದನಿಯ ಪ್ರಶ್ನೆಗಳು, ಮತ್ತೊಮ್ಮೆ ಅದೇ ವಾಚನ. ಹೆಸರೇ ಹೇಳುವಂತೆ ದಾರಿ ನಡೆಯುವವರಿಗಾಗಿ ಮಾಡಿದ್ದು, ಮತ್ತು ಇದಕ್ಕೂ ಹಣ ಕೊಡಬೇಕಾಗಿಲ್ಲ. ಬೆಳಗಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಕೇಳುವಾಗ ಒಂದೇ ವಾಚನ ಎರಡನೆಯ ಸಲ ಬೇರೆಯಾಗಿ ಕೇಳಿಸುವುದು ಈ ಕ್ರಮದ ನಿಜವಾದ ಗುಣ. ಆದರೆ ಬೆಂಗಳೂರಿನ ಬಸ್ಸಿನಲ್ಲಿ ನಿರ್ವಾಹಕರ ಕೂಗು, ಹಾರನ್ನು, ಪಕ್ಕದವರ ಫೋನಿನ ಮಾತು ಇವೆಲ್ಲ ಆ ಮೆಲುದನಿಯನ್ನು ಸುಲಭವಾಗಿ ನುಂಗಿಬಿಡುತ್ತವೆ. ಅದು ಸೇವೆಯ ದೋಷವಲ್ಲ, ನಾನು ಆರಿಸಿಕೊಂಡ ಸಮಯದ ದೋಷ. ಅದನ್ನೇ ರಾತ್ರಿ ಊಟದ ನಂತರ ತಾರಸಿಯಲ್ಲಿ ಅಡ್ಡಾಡುತ್ತ ಕೇಳಲು ಶುರುಮಾಡಿದ ಮೇಲೆ ದೂರಲು ಏನೂ ಉಳಿಯಲಿಲ್ಲ.

ಇವೆರಡರ ಜೊತೆಗೆ ಹಣ ಕಟ್ಟಿ ಸೇರುವ ಇನ್ನೊಂದು ಆ್ಯಪನ್ನೂ ಹತ್ತು ದಿನ ನೋಡಿದೆ. ಅದರ ಹೆಸರು ಬೇಡ. ಅದರಲ್ಲಿ ಸತತ ದಿನಗಳ ಎಣಿಕೆ ಇತ್ತು, ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗೆ ಇಳಿಯುತ್ತಿತ್ತು, ಮತ್ತು ಗಳಿಸಿದ ಎಣಿಕೆಯನ್ನು ಗೆಳೆಯರೊಡನೆ ಹಂಚಿಕೊಳ್ಳುವಂತೆ ಪದೇ ಪದೇ ಒತ್ತಾಯವಿತ್ತು. ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ: ದಾನವನ್ನು ತುತ್ತೂರಿ ಊದಿಸಿ ಮಾಡಬೇಡಿ, ಪ್ರಾರ್ಥನೆಯನ್ನು ಕೋಣೆಯ ಬಾಗಿಲು ಮುಚ್ಚಿ ಮಾಡಿ, ಉಪವಾಸವಿದ್ದರೆ ಮುಖ ತೊಳೆದುಕೊಂಡಿರಿ ಎಂಬ ಭಾಗ. ಅದನ್ನು ಬೆಳಿಗ್ಗೆ ಕೇಳಿ ಸಂಜೆ ಎಣಿಕೆಯನ್ನು ಹಂಚಿಕೊಳ್ಳುವುದು ನನ್ನಿಂದಾಗಲಿಲ್ಲ.

ಇನ್ನು ಶಿಲುಬೆಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಒಂದೊಂದು ಘಟನೆಯನ್ನೂ ಒಂದೊಂದು 'ಸ್ಥಳ'ವಾಗಿ ನಿಂತು ಧ್ಯಾನಿಸುವ ಪ್ರಾರ್ಥನೆ. ತಪಸ್ಸುಕಾಲದ ಶುಕ್ರವಾರಗಳಂದು ನಮ್ಮ ಧರ್ಮಕೇಂದ್ರದಲ್ಲಿ (ಊರಿನ ಚರ್ಚಿನಲ್ಲಿ) ಸಂಜೆ ನಡೆಯುವ ಇದನ್ನು ನಾನು ಬಾಲ್ಯದಿಂದ ನೋಡಿಕೊಂಡು ಬಂದವನಾದ್ದರಿಂದ ಹೊಸದಾಗಿ ವಿಮರ್ಶಿಸುವಂಥದ್ದೇನೂ ಇಲ್ಲವೆಂದು ತಿಳಿದಿದ್ದೆ. ಜೆರುಸಲೇಮಿಗೆ ಹೋಗಲಾಗದವರು ತಮ್ಮೂರಿನಲ್ಲಿಯೇ ಆ ದಾರಿಯನ್ನು ನಡೆಯುವಂತೆ ಫ್ರಾನ್ಸಿಸ್ಕನ್ ಸಭೆಯವರು ಹರಡಿದ ಈ ಆಚರಣೆಗೆ 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಅವರು ಸ್ಥಳಗಳ ಸಂಖ್ಯೆಯನ್ನು 14 ಎಂದು ನಿಗದಿಪಡಿಸಿದರು. ನಮ್ಮಲ್ಲಿ ಒಬ್ಬರು ಶಿಲುಬೆಯನ್ನೂ ಇಬ್ಬರು ಮೇಣದಬತ್ತಿಗಳನ್ನೂ ಹಿಡಿದು ಗೋಡೆಯ ಚಿತ್ರದಿಂದ ಚಿತ್ರಕ್ಕೆ ಹೋಗುತ್ತಾರೆ, ಜನರು ಆಯಾ ಸ್ಥಳದ ಕಡೆಗೆ ತಿರುಗಿ ಮೊಣಕಾಲೂರಿ ಏಳುತ್ತಾರೆ. ಕೊರತೆಗಳು ಇಲ್ಲವೆಂದಲ್ಲ. ಧ್ವನಿವರ್ಧಕದ ಮಾರ್ದನಿಯಲ್ಲಿ ಅರ್ಧ ಮಾತು ಕಳೆದುಹೋಗುತ್ತದೆ. ಏಪ್ರಿಲಿನ ಸೆಕೆಯಲ್ಲಿ ಹತ್ತನೆಯ ಸ್ಥಳದ ನಂತರ ಓದುವವರ ವೇಗ ಹೆಚ್ಚುತ್ತದೆ. ಕೈಪುಸ್ತಕದ ಭಾಷೆ ಕೆಲವೆಡೆ ಎಷ್ಟು ಹಳತೆಂದರೆ ಮಕ್ಕಳು ಅದನ್ನು ಮಂತ್ರದಂತೆ ಒಪ್ಪಿಸುತ್ತಾರೆ.

ಆದರೂ ನನ್ನ ಅಳತೆಗೋಲಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಇದೇ. ಮೂರನೆಯ ಸ್ಥಳದಲ್ಲಿ ಯೇಸು ಮೊದಲ ಸಲ ಬೀಳುತ್ತಾರೆ, ಏಳನೆಯದರಲ್ಲಿ ಎರಡನೆಯ ಸಲ, ಒಂಬತ್ತನೆಯದರಲ್ಲಿ ಮೂರನೆಯ ಸಲ. ಮೊದಲೆರಡು ಬೀಳುವಿಕೆಗಳ ನಡುವೆ ತಾಯಿ ಮರಿಯ, ಶಿಲುಬೆ ಹೊರಲು ನೆರವಾಗುವ ಸಿರೇನಿನ ಸಿಮೋನ, ಮುಖ ಒರೆಸುವ ವೆರೋನಿಕ ಇದ್ದಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವುದು ಜೆರುಸಲೇಮಿನ ಸ್ತ್ರೀಯರನ್ನು ಸಂತೈಸುವ ಒಂದೇ ಒಂದು ಸ್ಥಳ. ಬೀಳುವುದು ಹತ್ತಿರ ಹತ್ತಿರವಾಗುತ್ತ ಹೋಗುತ್ತದೆ ಎಂಬುದನ್ನು ಇಷ್ಟು ವರ್ಷ ಗಮನಿಸದಿದ್ದ ನಾನು, ಮೂರನೆಯ ವಾರ ತಪ್ಪಿಸಿಕೊಂಡು ನಾಲ್ಕನೆಯ ವಾರ ಮರಳಿ ಹೋದ ದಿನ ಗಮನಿಸಿದೆ. ಈ ಮೂರು ಬೀಳುವಿಕೆಗಳು ಶುಭಸಂದೇಶಗಳಲ್ಲಿ ಇಲ್ಲ. ಆ ಕಾರಣದಿಂದಲೇ 1991ರ ಶುಭ ಶುಕ್ರವಾರ ರೋಮಿನ ಕೊಲೋಸಿಯಮ್ಮಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ನಡೆಸಿದ, ಪೂರ್ತಿಯಾಗಿ ಬೈಬಲನ್ನೇ ಆಧರಿಸಿದ ಶಿಲುಬೆಹಾದಿಯಲ್ಲಿ ಅವು ಇರಲಿಲ್ಲ. ಅದು ಯೇಸು ಬಂಧನಕ್ಕೆ ಮುನ್ನ ಪ್ರಾರ್ಥಿಸಿದ ಗೆತ್ಸೆಮನೆ ತೋಪಿನಿಂದ ಆರಂಭವಾಗುತ್ತದೆ. ಓದಿ ಧ್ಯಾನಿಸಲು ಆ ರೂಪವೂ ಉತ್ತಮವಾದದ್ದೇ, ಆದರೆ ಶುಕ್ರವಾರದ ಸಂಜೆಗೆ ನಾನು ಹಳೆಯದನ್ನೇ ಆರಿಸುತ್ತೇನೆ.

ಉಪವಾಸದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಥೋಲಿಕ ಸಭೆಯ ನಿಯಮದಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರಿಂದ 59 ತುಂಬುವವರೆಗಿನವರು ಒಂದೇ ಪೂರ್ಣ ಊಟ ಮಾಡಬೇಕು. ಮಾಂಸತ್ಯಾಗದ ನಿಯಮ 14 ತುಂಬಿದ ಎಲ್ಲರಿಗೂ ಅನ್ವಯಿಸುತ್ತದೆ. ಅದರಾಚೆಗೆ ನಾನೇ ಹೊತ್ತುಕೊಂಡ ಕಾಫಿ ತ್ಯಾಗ ತಲೆನೋವಿನಲ್ಲಿ ಮುಗಿಯಿತು. ಮೀನಿಗೆ ನಿಷೇಧವಿಲ್ಲವೆಂದು ಶುಕ್ರವಾರ ಕೋಳಿಯ ಬದಲು ಅದಕ್ಕಿಂತ ದುಬಾರಿಯಾದ ಅಂಜಲ್ ತಂದು ಹುರಿದು ತಿನ್ನುವ ಮನೆಗಳಲ್ಲಿ ನಮ್ಮದೂ ಒಂದಾಗಿತ್ತು. ಈ ಸಲ ಗಂಜಿ, ಚಟ್ನಿ ಮಾಡಿ, ಮೀನಿನ ದುಡ್ಡನ್ನು ಕಾಣಿಕೆಯ ಡಬ್ಬಿಗೆ ಹಾಕಿದೆವು. ಕಾರಿತಾಸ್ ಇಂಡಿಯಾದಂಥ ಕಥೋಲಿಕ ಸೇವಾಸಂಸ್ಥೆಗಳು ತಪಸ್ಸುಕಾಲದಲ್ಲಿ ಧರ್ಮಕೇಂದ್ರಗಳ ಮೂಲಕ ಇಂಥ ಹಣವನ್ನು ಸಂಗ್ರಹಿಸುತ್ತವೆ. ದಾನ, ಪ್ರಾರ್ಥನೆ, ಉಪವಾಸ ಮೂರೂ ಒಂದರೊಳಗೊಂದು ಸೇರಿಕೊಂಡದ್ದು ನಮ್ಮ ಮನೆಯಲ್ಲಿ ಈ ಡಬ್ಬಿಯಿಂದಲೇ.

ಒಬ್ಬಂಟಿಯಾಗಿ, ಮೌನದಲ್ಲಿ ಹತ್ತು ನಿಮಿಷ ಕೂರಬಲ್ಲವರಿಗೆ 'ಸೇಕ್ರೆಡ್ ಸ್ಪೇಸ್' ತಕ್ಕುದು. ಓದಲು ಕಣ್ಣು ಸೋತವರಿಗೆ, ಇಂಗ್ಲಿಷ್ ಕೇಳಿ ಅರ್ಥಮಾಡಿಕೊಳ್ಳಬಲ್ಲವರಿಗೆ 'ಪ್ರೇ ಆಸ್ ಯು ಗೋ' ಇನ್ನೂ ಸುಲಭ. ಎರಡನ್ನೂ ಒಟ್ಟಿಗೆ ಹಿಡಿಯುವುದು ಬೇಡ, ನಾನು ಮೊದಲ ವಾರ ಹಾಗೆ ಮಾಡಿ ಎರಡನ್ನೂ ಅರೆಬರೆ ಮಾಡಿದೆ. ಯಾವುದನ್ನು ಆರಿಸಿದರೂ ಶುಕ್ರವಾರದ ಸಂಜೆಯನ್ನು ಶಿಲುಬೆಹಾದಿಗೆ ಬಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹದಿನಾಲ್ಕು ಸಲ ಮೊಣಕಾಲೂರಲು ಆಗದವರು ಹಿಂದಿನ ಬೆಂಚುಗಳಲ್ಲಿ ಕುಳಿತೇ ಭಾಗವಹಿಸುತ್ತಾರೆ. ನನ್ನ ತಾಯಿ ಈಗ ಅಲ್ಲಿಯೇ ಕೂರುತ್ತಾರೆ, ಕೈಪುಸ್ತಕವನ್ನು ತೆರೆಯುವುದಿಲ್ಲ, ಸ್ಥಳದಿಂದ ಸ್ಥಳಕ್ಕೆ ಹೋಗುವಾಗಿನ ಹಾಡಿನಲ್ಲಿ ಅವರ ದನಿಯೇ ಎಲ್ಲರಿಗಿಂತ ಮೊದಲು ಏಳುತ್ತದೆ.