ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್: ವರ್ಷಗಟ್ಟಲೆ ಬಳಸಿದ ಮೇಲೆ ರ‍್ಯಾಮ್ ಮತ್ತು ಉಳಿದ ಪಾರ್ಟ್‌ಗಳ ಬಗ್ಗೆ

2022ರಲ್ಲಿ ಒಂದೊಂದೇ ಪಾರ್ಟ್ ಆರಿಸಿ ನಾನೇ ಜೋಡಿಸಿದ ಡೆಸ್ಕ್‌ಟಾಪ್ ಇದು. ಇವತ್ತಿಗೂ ನನ್ನ ಕೆಲಸವೆಲ್ಲ ಇದರಲ್ಲೇ ನಡೆಯುತ್ತದೆ. ಫೋಟೋ ಎಡಿಟಿಂಗ್, ಆಗಾಗ ವಿಡಿಯೋ, ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಲಿನಕ್ಸ್, ರಾತ್ರಿ ಒಂದಿಷ್ಟು ಗೇಮ್. ಎಎಂಡಿ ರೈಜನ್ 5 5600 ಪ್ರಾಸೆಸರ್, ಬಿ550 ಚಿಪ್‌ಸೆಟ್‌ನ ಮದರ್‌ಬೋರ್ಡ್, 32 ಜಿಬಿ ಡಿಡಿಆರ್4 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 650 ವ್ಯಾಟ್‌ನ ಗೋಲ್ಡ್ ಎಸ್‌ಎಂಪಿಎಸ್ (ಎಲ್ಲ ಪಾರ್ಟ್‌ಗೂ ವಿದ್ಯುತ್ ಕೊಡುವ ಪವರ್ ಸಪ್ಲೈ), ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್. ಇಷ್ಟೇ ಸಂಸಾರ.

ಹೊಸದರಲ್ಲಿ ಎಲ್ಲ ಕಂಪ್ಯೂಟರೂ ಚುರುಕಾಗಿಯೇ ಇರುತ್ತದೆ. ಯಾವ ಪಾರ್ಟ್ ಬಾಳುತ್ತದೆ, ಯಾವುದು ಕೈಕೊಡುತ್ತದೆ ಅನ್ನೋದು ತಿಳಿಯಲು ವರ್ಷಗಳು ಬೇಕು. ಇಷ್ಟು ಕಾಲ ಬಳಸಿದ ಮೇಲೆ ನನ್ನ ತೀರ್ಮಾನ ಇಷ್ಟು: ಜನ ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಆರಿಸಲು ಕೊಡುವ ಗಮನದಲ್ಲಿ ಅರ್ಧವನ್ನಾದರೂ ರ‍್ಯಾಮ್ ಮತ್ತು ಎಸ್‌ಎಂಪಿಎಸ್‌ಗೆ ಕೊಡಬೇಕು. ಮಷಿನ್ ನಂಬಿಕಸ್ಥವಾಗಿ ಓಡುತ್ತದೋ ಇಲ್ಲವೋ ಅನ್ನೋದು ಈ ಎರಡರ ಮೇಲೆ ನಿಂತಿದೆ.

ಮೊದಲು ರ‍್ಯಾಮ್ ಎಷ್ಟಿರಬೇಕು ಅನ್ನೋದು. ಕಟ್ಟುವಾಗ 16 ಜಿಬಿ ಧಾರಾಳ ಸಾಕು ಅನ್ನುವ ಮಾತು ಎಲ್ಲೆಡೆ ಇತ್ತು. ನಾನು 32 ಹಾಕಿದೆ, ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ನಿರ್ಧಾರ ಅದೇ. ಬ್ರೌಸರ್‌ನಲ್ಲಿ ಒಂದಷ್ಟು ಟ್ಯಾಬ್, ಫೋಟೋ ಎಡಿಟರ್, ಜೊತೆಗೆ 8 ಜಿಬಿ ಕೊಟ್ಟ ವರ್ಚುವಲ್ ಮಷಿನ್, ಇಷ್ಟು ತೆರೆದರೆ ಟಾಸ್ಕ್ ಮ್ಯಾನೇಜರ್ 20 ಜಿಬಿ ದಾಟಿ ತೋರಿಸುತ್ತದೆ. ರ‍್ಯಾಮ್ ತುಂಬಿದರೆ ಆಪರೇಟಿಂಗ್ ಸಿಸ್ಟಮ್ ಸುಮ್ಮನಿರುವುದಿಲ್ಲ. ಸದ್ಯಕ್ಕೆ ಬೇಡದ ಭಾಗವನ್ನು ಎಸ್‌ಎಸ್‌ಡಿಗೆ ಎತ್ತಿ ಹಾಕುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ. ವಿಂಡೋ ಬದಲಿಸಿದಾಗ ಒಂದು ಕ್ಷಣ ತಡವರಿಸುವುದು ಬಹಳ ಸಲ ಇದೇ ಕಾರಣಕ್ಕೆ. ಬರೀ ಬ್ರೌಸಿಂಗ್, ಆಫೀಸ್ ಕೆಲಸ ಅಂದರೆ 16 ಜಿಬಿ ಈಗಲೂ ಸಾಕು. ಅದಕ್ಕಿಂತ ಕಡಿಮೆ ಹಾಕಬೇಡಿ.

ಆ 32 ಜಿಬಿ ಒಂದೇ ಸ್ಟಿಕ್ (ಸ್ಲಾಟ್‌ಗೆ ಕೂರಿಸುವ ಪಟ್ಟಿ) ಆಗಿರಬಾರದು, 16ರ ಎರಡು ಇರಬೇಕು. ಇಂಥ ಪ್ರಾಸೆಸರ್‌ಗಳು ರ‍್ಯಾಮ್ ಜೊತೆ ಎರಡು ಚಾನೆಲ್‌ಗಳಲ್ಲಿ ಮಾತಾಡುತ್ತವೆ. ಡಿಡಿಆರ್4 3200 ಸ್ಟಿಕ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಎರಡೂ ಚಾನೆಲ್ ತುಂಬಿದರೆ ಅದು 51.2 ಆಗುತ್ತದೆ. ಒಂದೇ ಸ್ಟಿಕ್ ಹಾಕಿದರೆ ಅರ್ಧ ದಾರಿ ಖಾಲಿ ಬಿಟ್ಟಂತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ರೈಜನ್ 5 5600ಜಿ ಥರದ ಒಳಗೇ ಗ್ರಾಫಿಕ್ಸ್ ಇರುವ ಪ್ರಾಸೆಸರ್ ಹಾಕುವವರಿಗಂತೂ ಇದು ತುಂಬಾ ಮುಖ್ಯ. ಅಂಥ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ, ಚಿತ್ರ ಮೂಡಿಸಲು ಇದೇ ರ‍್ಯಾಮ್ ಬೇಕು. ನಾಲ್ಕು ಸ್ಲಾಟ್‌ಗಳ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರಾಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಆದರೂ ಬೋರ್ಡ್ ಜೊತೆ ಬಂದ ಪುಸ್ತಕ ಒಮ್ಮೆ ನೋಡಿಬಿಡಿ.

ಇನ್ನು ವೇಗ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ನೋಡಿ ಕೊಳ್ಳುವವರೇ ಜಾಸ್ತಿ ಅಲ್ವಾ? ಅದರ ಪಕ್ಕದಲ್ಲಿ ಸಣ್ಣದಾಗಿ ಸಿಎಲ್ 16, ಸಿಎಲ್ 18 ಅಂತ ಇರುತ್ತದೆ. ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಸಿಎಲ್ ಅಂದರೆ ಕೇಳಿದ ಡೇಟಾ ಹೊರಬರಲು ಎಷ್ಟು ಕ್ಲಾಕ್ ಕಾಯಬೇಕು ಅನ್ನೋದು. 3200ರ ರ‍್ಯಾಮ್‌ನ ನಿಜವಾದ ಕ್ಲಾಕ್ 1600 ಮೆಗಾಹರ್ಟ್ಸ್, ಏಕೆಂದರೆ ಡಿಡಿಆರ್ ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಕಳಿಸುತ್ತದೆ. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ, ಬಾಕ್ಸ್ ಮೇಲಿನ ಸಂಖ್ಯೆಯಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. 3200 ಸಿಎಲ್ 16 ಅಂದರೆ 10 ನ್ಯಾನೋಸೆಕೆಂಡ್. 3600 ಸಿಎಲ್ 18 ಅಂದರೂ 10. ಮುಂದಿನ ತಲೆಮಾರಿನ ಡಿಡಿಆರ್5ರ 6000 ಸಿಎಲ್ 30 ಕೂಡ 10! ಒಂದು ಸಲಕ್ಕೆ ಕಾಯುವ ಹೊತ್ತು ಒಂದೇ, ಸಾಗುವ ಪ್ರಮಾಣ ಬೇರೆ. 3600 ಅಂತ ಇದ್ದು ಸಿಎಲ್ 22 ಆಗಿದ್ದರೆ 12 ನ್ಯಾನೋಸೆಕೆಂಡ್ ದಾಟುತ್ತದೆ. ಹಾಗಾಗಿ ಬರೀ ದೊಡ್ಡ ಸಂಖ್ಯೆ ಹಿಡಿದು ಹೋಗಬೇಡಿ.

ನಾನು ತೆಗೆದುಕೊಂಡಿದ್ದು 3600 ಸಿಎಲ್ 18. ರೈಜನ್ 5000 ಸರಣಿಯಲ್ಲಿ ಪ್ರಾಸೆಸರ್‌ನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಅನ್ನುವ ಒಳಕೊಂಡಿ ಇದೆ. ಅದು ರ‍್ಯಾಮ್ ಕ್ಲಾಕ್ ಜೊತೆ ಸಮಸಮವಾಗಿ ಓಡಿದರೆ ಒಳ್ಳೆಯದು, ಮತ್ತು ಆ ಸಮಜೋಡಿ ಸಾಮಾನ್ಯವಾಗಿ 1800 ಮೆಗಾಹರ್ಟ್ಸ್ ಸುತ್ತಮುತ್ತಲಿನವರೆಗೆ ಆರಾಮಾಗಿ ನಿಲ್ಲುತ್ತದೆ. 3600 ಅಲ್ಲಿಗೆ ಸರಿಹೋಗುತ್ತದೆ. ಅದನ್ನು 3200ಕ್ಕೆ ಇಳಿಸಿಯೂ ಕೆಲಕಾಲ ಓಡಿಸಿ ನೋಡಿದ್ದೇನೆ. ಎಡಿಟಿಂಗ್‌ನಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. 16ರ ಜಾಗದಲ್ಲಿ 32 ಜಿಬಿ ಇರುವುದು ದಿನಾ ಗೊತ್ತಾಗುತ್ತದೆ.

ಬಾಕ್ಸ್ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಹಾಕಿದ ತಕ್ಷಣ ಇಂಥ ರ‍್ಯಾಮ್ ಬಹುತೇಕ 2133 ಅಥವಾ 2666ರಲ್ಲೇ ಓಡುತ್ತದೆ. ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ, ಅಂದರೆ ಆ ವೇಗದ ಸಿದ್ಧ ಸೆಟ್ಟಿಂಗ್, ಆನ್ ಮಾಡಬೇಕು. ಡಿಡಿಆರ್5ರಲ್ಲಿ ಇದೇ ಕೆಲಸಕ್ಕೆ ಎಎಂಡಿಯ ಎಕ್ಸ್‌ಪೋ ಕೂಡ ಇದೆ. ಒಮ್ಮೆ ಮಾಡಿದರೆ ಮುಗಿಯಿತು ಅಂತಲೂ ಅಲ್ಲ. ಬಯಾಸ್ ಅಪ್‌ಡೇಟ್ ಮಾಡಿದಾಗ ಸೆಟ್ಟಿಂಗ್ ಅಳಿಸಿಹೋಗಿ ಮತ್ತೆ ಹಳೆಯ ವೇಗಕ್ಕೆ ಮರಳುವುದುಂಟು. ಪ್ರತಿ ಅಪ್‌ಡೇಟ್ ಆದಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟಿದೆ ಅಂತ ನೋಡುವುದು ನನಗೀಗ ರೂಢಿ.

ಈಗ ಈ ವಿಮರ್ಶೆ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಎರಡು ವರ್ಷ ತಂಟೆಯಿಲ್ಲದೆ ಓಡಿದ ಮೇಲೆ ವಿಚಿತ್ರ ಸಣ್ಣ ತೊಂದರೆಗಳು ಶುರುವಾದವು. ಮಷಿನ್ ಪೂರ್ತಿ ನಿಂತಿದ್ದರೆ ಹುಡುಕುವುದು ಸುಲಭವಾಗುತ್ತಿತ್ತು. ಆದರೆ ಆಗಿದ್ದು ಬೇರೆ. ದೊಡ್ಡ ಜಿಪ್ ಫೈಲ್ ಬಿಡಿಸುವಾಗ ಸಿಆರ್‌ಸಿ ಎರರ್ (ಫೈಲ್‌ನ ಡೇಟಾ ತಾಳೆಯಾಗುತ್ತಿಲ್ಲ ಅನ್ನುವ ಸೂಚನೆ) ಬರುತ್ತಿತ್ತು, ಮತ್ತೊಮ್ಮೆ ಬಿಡಿಸಿದರೆ ಸರಿಯಾಗುತ್ತಿತ್ತು. ಬ್ರೌಸರ್ ಟ್ಯಾಬ್ ಸುಮ್ಸುಮ್ನೆ ಕ್ರ್ಯಾಶ್ ಆಗುತ್ತಿತ್ತು. ಸೇವ್ ಮಾಡಿದ ಒಂದು ಫೋಟೋದಲ್ಲಿ ಅರ್ಧದಿಂದ ಕೆಳಗೆ ಬಣ್ಣವೇ ಬೇರೆಯಾಗಿತ್ತು. ಆ ಫೋಟೋ ನೋಡಿದಾಗ ಎದೆ ಧಸಕ್ಕೆಂದಿತು. ಮಷಿನ್ ಕೆಟ್ಟರೆ ಸರಿ ಮಾಡಬಹುದು, ಆದರೆ ಅದು ಸದ್ದಿಲ್ಲದೆ ನನ್ನ ಫೈಲ್‌ಗಳನ್ನೇ ಕೆಡಿಸುತ್ತಿತ್ತು.

ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86+ ಹಾಕಿ ಅದರಿಂದ ಬೂಟ್ ಮಾಡಿದೆ. ಇದು ಉಚಿತ. ಆಪರೇಟಿಂಗ್ ಸಿಸ್ಟಮ್ ಇಲ್ಲದೆ ನೇರವಾಗಿ ರ‍್ಯಾಮ್‌ಗೆ ಬರೆದು, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ನೋಡುತ್ತದೆ. ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಪರದೆಯ ಕೆಳಭಾಗದಲ್ಲಿ ಎರರ್ ಸಾಲುಗಳಿದ್ದವು. ಬರಬೇಕಾದ ಸಂಖ್ಯೆ ಒಂದು ಕಡೆ, ಬಂದದ್ದು ಪಕ್ಕದಲ್ಲಿ. ಎರಡನ್ನೂ ಅಕ್ಷರ ಅಕ್ಷರ ಹೋಲಿಸಿದರೆ ವ್ಯತ್ಯಾಸ ಒಂದೇ ಒಂದು ಬಿಟ್‌ನದು, ಪ್ರತಿ ಸಾಲಿನಲ್ಲೂ ಅದೇ ಜಾಗದ ಬಿಟ್. ಎಕ್ಸ್‌ಎಂಪಿ ಆಫ್ ಮಾಡಿ ನೋಡಿದೆ, ಆಗಲೂ ಎರರ್ ಬಂತು. ಅಂದರೆ ವೇಗದ ಸೆಟ್ಟಿಂಗ್‌ನ ತಪ್ಪಲ್ಲ. ಒಂದು ಸ್ಟಿಕ್ ತೆಗೆದು ಇನ್ನೊಂದನ್ನು ಓಡಿಸಿದೆ, ಪೂರ್ತಿ ಶುದ್ಧ. ಕೆಟ್ಟದ್ದನ್ನು ಬೇರೆ ಸ್ಲಾಟ್‌ಗೆ ಹಾಕಿದೆ, ಎರರ್ ಅದರ ಜೊತೆಗೇ ಹೋಯಿತು. ಹಾಗಾಗಿ ಬೋರ್ಡ್ ಸರಿಯಿದೆ, ಸ್ಟಿಕ್ ಕೆಟ್ಟಿದೆ ಅನ್ನೋದು ಖಚಿತವಾಯಿತು. ಈ ಕ್ರಮವನ್ನು ತಪ್ಪದೆ ಅನುಸರಿಸಿ. ಇಲ್ಲದಿದ್ದರೆ ಕೆಡದ ಪಾರ್ಟ್ ಬದಲಿಸಿ, ಕೆಟ್ಟಿದ್ದನ್ನು ಹಾಗೇ ಉಳಿಸಿಕೊಳ್ಳುತ್ತೀರಿ.

ರ‍್ಯಾಮ್‌ಗೆ ಬಹಳಷ್ಟು ಕಂಪನಿಗಳು ಜೀವಿತಾವಧಿ ವಾರಂಟಿ ಕೊಡುತ್ತವೆ. ನನ್ನದಕ್ಕೂ ಇತ್ತು, ಬಿಲ್ ಜೋಪಾನವಾಗಿಟ್ಟಿದ್ದೆ. ಕೆಟ್ಟ ಒಂದು ಸ್ಟಿಕ್ ಮಾತ್ರ ತೆಗೆದುಕೊಳ್ಳುವುದಿಲ್ಲ, ಎರಡನ್ನೂ ಕಳಿಸಿ ಅಂದರು. ಬದಲಿ ಬರುವವರೆಗೆ ಮಷಿನ್ ಖಾಲಿ ಕೂತಿತ್ತು, ಬೇಸರವಾಗಿದ್ದು ನಿಜ. ಆದರೆ ಅದರ ಹಿಂದೆ ಕಾರಣವಿದೆ. ರ‍್ಯಾಮ್ ಮೇಲಿನ ಹೆಸರು ಯಾರದೇ ಇರಲಿ, ಒಳಗಿನ ಚಿಪ್ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಅಥವಾ ಮೈಕ್ರಾನ್‌ನದು. ಒಂದೇ ಮಾದರಿ ಸಂಖ್ಯೆಯ ಸ್ಟಿಕ್‌ಗಳಲ್ಲೂ ತಯಾರಾದ ಕಾಲಕ್ಕೆ ತಕ್ಕಂತೆ ಚಿಪ್ ಬೇರೆಯಾಗಬಹುದು. ನನಗೆ ಬಂದ ಬದಲಿ ಜೋಡಿಯನ್ನು ಸಿಪಿಯು-ಝಡ್ ಅನ್ನುವ ತಂತ್ರಾಂಶದಲ್ಲಿ ನೋಡಿದರೆ, ಮಾದರಿ ಅದೇ, ಚಿಪ್ ಮಾತ್ರ ಬೇರೆ ಕಂಪನಿಯದು.

ಇದಕ್ಕೇ ನಾನು ಎಲ್ಲರಿಗೂ ಹೇಳುವುದು: ಒಂದೇ ಬಾಕ್ಸ್‌ನಲ್ಲಿ ಬರುವ ಜೋಡಿ ಕಿಟ್ ಕೊಳ್ಳಿ. ಈಗ ಒಂದು ಹಾಕಿ, ಮುಂದಿನ ವರ್ಷ ಇನ್ನೊಂದು ಸೇರಿಸೋಣ ಅನ್ನುವ ಯೋಚನೆ ಬೇಡ. ಕೆಲವೊಮ್ಮೆ ಬೇರೆ ಬೇರೆ ಸ್ಟಿಕ್‌ಗಳೂ ಹೊಂದಿಕೊಂಡು ಓಡುತ್ತವೆ, ಆದರೆ ಎಕ್ಸ್‌ಎಂಪಿ ವೇಗದಲ್ಲಿ ನಿಲ್ಲುತ್ತವೆ ಅನ್ನುವ ಖಾತರಿ ಯಾರೂ ಕೊಡುವುದಿಲ್ಲ. ಹೊಸ ಜೋಡಿ ಬಂದ ಮೇಲೂ ಮೊದಲು ರಾತ್ರಿಯಿಡೀ ಮೆಮ್‌ಟೆಸ್ಟ್, ಆಮೇಲೆ ಕೆಲಸ. ಅಲ್ಲಿಂದ ಇಲ್ಲಿಯವರೆಗೆ ಒಂದು ಎರರ್ ಕೂಡ ಕಂಡಿಲ್ಲ.

ಎಸ್‌ಎಂಪಿಎಸ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಇದರಲ್ಲಿ ಉಳಿತಾಯ ಮಾಡಬಾರದು. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ತಾನೊಂದೇ ಹೋಗದೆ ಇನ್ನೊಂದನ್ನೂ ಕರೆದುಕೊಂಡು ಹೋಗಬಹುದು. 80 ಪ್ಲಸ್ ಗೋಲ್ಡ್ ಅನ್ನುವ ಗುರುತು ಹೇಳುವುದು ದಕ್ಷತೆ ಮಾತ್ರ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಗೋಲ್ಡ್‌ಗೆ ಶೇ. 90, ಬ್ರಾಂಜ್‌ಗೆ ಶೇ. 85. ಒಳಗಿನ ಕೆಪಾಸಿಟರ್ ಎಂಥವು, ಶಾರ್ಟ್ ಆದರೆ ಸರಿಯಾಗಿ ಆಫ್ ಆಗುತ್ತದಾ ಅನ್ನೋದನ್ನು ಆ ಗುರುತು ಹೇಳುವುದಿಲ್ಲ. ಅದಕ್ಕೆ ಬಿಚ್ಚಿ ಪರೀಕ್ಷಿಸಿದ ವಿಮರ್ಶೆಗಳನ್ನೇ ಓದಬೇಕು, ವಾರಂಟಿ ಎಷ್ಟು ವರ್ಷ ಅಂತ ನೋಡಬೇಕು. ಇನ್ನೊಂದು ಎಚ್ಚರಿಕೆ: ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಇನ್ನೊಂದು ಎಸ್‌ಎಂಪಿಎಸ್‌ಗೆ ಹಾಕಲೇಬೇಡಿ. ಡ್ರೈವ್ ಕಡೆಯ ತುದಿ ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಯಾವ ನಿಯಮವೂ ಇಲ್ಲ. ಪ್ಲಗ್ ಸರಿಯಾಗಿ ಕೂತರೂ 5 ವೋಲ್ಟ್ ಬರಬೇಕಾದ ಪಿನ್‌ಗೆ 12 ವೋಲ್ಟ್ ಬಂದು ಡ್ರೈವ್ ಸುಟ್ಟುಹೋಗಬಹುದು, ಡೇಟಾ ಸಮೇತ. ನನ್ನ ಉಳಿದ ಕೇಬಲ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮೇಲೆ ಎಸ್‌ಎಂಪಿಎಸ್ ಮಾದರಿಯ ಹೆಸರು ಬರೆದಿಟ್ಟಿದ್ದೇನೆ.

ಕೂಲರ್ ಆರಿಸುವಾಗ ರ‍್ಯಾಮ್‌ನ ಎತ್ತರವನ್ನೂ ನೋಡಿ. ಬರಿ ಸ್ಟಿಕ್ ಸುಮಾರು 31 ಮಿಲಿಮೀಟರ್ ಇರುತ್ತದೆ. ದೀಪ, ಅಲಂಕಾರ ಇರುವವು 40 ದಾಟುತ್ತವೆ, ದೊಡ್ಡ ಟವರ್ ಕೂಲರ್‌ನ ಫ್ಯಾನ್‌ಗೆ ತಾಗುತ್ತವೆ. ನಾನು ಗಿಡ್ಡ ಹೀಟ್‌ಸಿಂಕ್ ಇರುವುದನ್ನೇ ಆರಿಸಿದ್ದರಿಂದ ಆ ತಲೆನೋವು ಬರಲಿಲ್ಲ. ಕ್ಯಾಬಿನೆಟ್ ಮುಂದೆ ಗಾಜಿಗಿಂತ ಜಾಲರಿ ಇರಲಿ, ಗಾಳಿ ಆಡಬೇಕು.

ಎಸ್‌ಎಸ್‌ಡಿ ಬಗ್ಗೆ ಹೇಳಲು ಹೆಚ್ಚಿಲ್ಲ. ಪಿಸಿಐಇ 3.0 ಡ್ರೈವ್ ಸೆಕೆಂಡಿಗೆ ಸುಮಾರು 3500 ಎಂಬಿ ಓದುತ್ತದೆ, 4.0 ಆದರೆ 7000ದವರೆಗೆ. ದಿನದ ಕೆಲಸದಲ್ಲಿ ಎರಡರ ಅಂತರ ಕಾಣುವುದು ಕಡಿಮೆ. ಎರಡನೆಯ ಎಂ.2 ಸ್ಲಾಟ್ (ಇಂಥ ಎಸ್‌ಎಸ್‌ಡಿ ಕೂರುವ ಜಾಗ) ಬಳಸುವವರು ಮಾತ್ರ ಬೋರ್ಡ್ ಪುಸ್ತಕ ನೋಡಿ. ಎಷ್ಟೋ ಬೋರ್ಡ್‌ಗಳಲ್ಲಿ ಆ ಸ್ಲಾಟ್ ತುಂಬಿದರೆ ಎರಡು ಸಾಟಾ ಪೋರ್ಟ್ (ಕೇಬಲ್‌ನಿಂದ ಡ್ರೈವ್ ಜೋಡಿಸುವ ಕಿಂಡಿ) ಕೆಲಸ ನಿಲ್ಲಿಸುತ್ತವೆ.

ಪ್ರಾಸೆಸರ್ ಈಗಲೂ ಸಾಕಾಗುತ್ತಿದೆ. ಬೇಕೆನಿಸಿದರೆ ಬಯಾಸ್ ಅಪ್‌ಡೇಟ್ ಮಾಡಿ ಇದೇ ಬೋರ್ಡ್‌ಗೆ, ಇದೇ ರ‍್ಯಾಮ್ ಜೊತೆ 96 ಎಂಬಿ ಎಲ್3 ಕ್ಯಾಶ್ (ಪ್ರಾಸೆಸರ್ ಒಳಗಿನ ವೇಗದ ಮೆಮೊರಿ) ಇರುವ ರೈಜನ್ 7 5800ಎಕ್ಸ್3ಡಿ ಹಾಕಬಹುದು. ಎಎಂ4 ಸಾಕೆಟ್ (ಪ್ರಾಸೆಸರ್ ಕೂರುವ ಜಾಗ) ಇರುವ ಬೋರ್ಡ್ ಆರಿಸಿದ್ದಕ್ಕೆ ಸಿಕ್ಕ ಲಾಭ ಇದು.

ಹೊಸದಾಗಿ ಕಟ್ಟುವವರು ಎಎಂಡಿಯ ಎಎಂ4 ನಂತರದ ಸಾಕೆಟ್ ಎಎಂ5 ಆರಿಸಿದರೆ ಡಿಡಿಆರ್5 ಬಿಟ್ಟು ಬೇರೆ ದಾರಿಯಿಲ್ಲ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಜೋಡಿ ಕಿಟ್‌ನ ಮಾತು ಅಲ್ಲಿ ಇನ್ನೂ ಮುಖ್ಯ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಆಮೇಲೆ ಇನ್ನೆರಡು ಸೇರಿಸುವ ಯೋಚನೆ ಬಿಟ್ಟು, ಬೇಕಾದಷ್ಟನ್ನು ಎರಡೇ ಸ್ಟಿಕ್‌ನಲ್ಲಿ ಮೊದಲೇ ಹಾಕಿ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್‌ಗೆ ಹೊಂದುವ ಟೈಮಿಂಗ್ ಸೆಟ್ಟಿಂಗ್ ಹುಡುಕುತ್ತಾ ಕೆಲವು ನಿಮಿಷ ಪರದೆಯಲ್ಲಿ ಏನೂ ತೋರಿಸದೆ ಇರಬಹುದು. ಆಗ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ, ಕಾಯಿರಿ. ಚಿತ್ರ ಬಂದ ಮೇಲೆ ಎಕ್ಸ್‌ಪೋ ಆನ್ ಮಾಡಿ, ವಿಂಡೋಸ್ ಅಥವಾ ಲಿನಕ್ಸ್ ಹಾಕುವ ಮೊದಲೇ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.