48 ಗಂಟೆಯಲ್ಲಿ ಯಾವುದು ಆಗುತ್ತದೆ? ಟ್ಯಾಂಪಾದ ನಮ್ಮ ಮನೆಯ ಹರಿಕೇನ್ ತಯಾರಿ

ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿ ಮನೆ ಕೊಂಡ ಮೇಲೆ ನಾಲ್ಕು ಹರಿಕೇನ್ (ಚಂಡಮಾರುತ) ನೋಡಿದ್ದೇವೆ. 2022ರಲ್ಲಿ ಇಯಾನ್, 2023ರಲ್ಲಿ ಇಡಾಲಿಯಾ, 2024ರಲ್ಲಿ ಹದಿಮೂರೇ ದಿನದ ಅಂತರದಲ್ಲಿ ಹೆಲೀನ್ ಮತ್ತು ಮಿಲ್ಟನ್. ಒಂದೊಂದು ಸಲ ಒಂದೊಂದು ಸಾಮಾನು ಬಳಸಿ ನೋಡಿದೆವು. ಈಚೆಗೆ ಫ್ಲಾರಿಡಾಕ್ಕೆ ಬಂದು ಮನೆ ಕೊಳ್ಳುತ್ತಿರುವ ನಮ್ಮ ಕನ್ನಡದವರು ಫೋನ್ ಮಾಡಿ ಕೇಳುತ್ತಾರೆ. ಕಿಟಕಿ ಮುಚ್ಚಲು ಪ್ಲೈವುಡ್ ಸಾಕಾ? ಯಾವ ಆ್ಯಪ್ ನೋಡಬೇಕು? ಜನರೇಟರ್ ತಗೊಳ್ಳೋದಾ ಬೇಡವಾ?

ನಾನು ಎಲ್ಲವನ್ನೂ ಗಂಟೆ ಲೆಕ್ಕದಲ್ಲಿ ಅಳೆಯುತ್ತೇನೆ. ಹರಿಕೇನ್ ವಾಚ್ (ಬರಬಹುದು ಅನ್ನುವ ಸೂಚನೆ) ಕೊಡುವುದು ಗಾಳಿ ಜೋರಾಗುವುದಕ್ಕೆ ಸುಮಾರು 48 ಗಂಟೆ ಮೊದಲು. ವಾರ್ನಿಂಗ್ (ಬರುವ ನಿರೀಕ್ಷೆ ಇದೆ ಅನ್ನುವ ಎಚ್ಚರಿಕೆ) ಕೊಡುವುದು 36 ಗಂಟೆ ಮೊದಲು. ಅಷ್ಟರಲ್ಲಿ ಮಾಡಿ ಮುಗಿಸಲು ಆಗದ ತಯಾರಿ ಎಷ್ಟೇ ಗಟ್ಟಿಯಾಗಿದ್ದರೂ ನಮ್ಮ ಮನೆಗೆ ಪ್ರಯೋಜನವಿಲ್ಲ.

ಮೊದಲು ಗಾಳಿಯ ದಾರಿ ನೋಡುವ ವಿಷಯ. ಇಯಾನ್ ಬಂದಾಗ ನಾನು ದಿನವಿಡೀ ಮೊಬೈಲಿನಲ್ಲಿ ಕಂಪ್ಯೂಟರ್ ಲೆಕ್ಕದ ಮಾಡೆಲ್ ನಕ್ಷೆಗಳನ್ನೇ ನೋಡುತ್ತಿದ್ದೆ. ಶಾವಿಗೆ ಎಳೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಗೆರೆಗಳು. ಎಲ್ಲ ಗೆರೆಗೂ ಒಂದೇ ತೂಕ ಅಂದುಕೊಂಡಿದ್ದೆ. ಹಾಗಲ್ಲ. ಆ ಗೆರೆಗಳ ನಡುವೆ ಎಕ್ಸ್‌ಟಿಆರ್‌ಪಿ ಅಂತ ಒಂದು ಇರುತ್ತದೆ. ಚಂಡಮಾರುತ ಈಗ ಹೋಗುತ್ತಿರುವ ದಿಕ್ಕಿನಲ್ಲೇ ನೇರ ಎಳೆದ ಗೆರೆ ಅದು, ಅಷ್ಟೇ. ಅದರಲ್ಲಿ ಮುನ್ಸೂಚನೆ ಏನೂ ಇಲ್ಲ. ಅದು ನಮ್ಮ ಊರಿನ ಮೇಲೆ ಹಾದುಹೋಗಿದ್ದು ನೋಡಿ ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ವಿಂಡಿ ಆ್ಯಪ್ ನೋಡಲು ಚೆನ್ನಾಗಿದೆ, ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಮಾಡೆಲ್ ಎರಡನ್ನೂ ಬದಲಿಸಿ ನೋಡಬಹುದು. ಆದರೆ ಅದರಲ್ಲಿ ಕಾಣುವುದು ಒಂದು ಸಲದ ಲೆಕ್ಕ. ಹತ್ತು ದಿನ ಮುಂದಿನ ಸುರುಳಿ ನೋಡಿ ತಲೆ ಕೆಡಿಸಿಕೊಂಡರೆ ಆರು ಗಂಟೆಯಲ್ಲಿ ಅದು ಮಾಯವಾಗಿ ಬೇರೆಲ್ಲೋ ಕಾಣಿಸುತ್ತದೆ.

ಇದಕ್ಕೆ ಹೋಲಿಸಿದರೆ ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಕೊಡುವ ಕೋನ್ ಅನ್ನುವ ಶಂಕುವಿನಾಕಾರದ ನಕ್ಷೆ ನೂರು ಪಾಲು ವಾಸಿ. ಬೆಳಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಹೊಸದು ಬರುತ್ತದೆ. ನಡುನಡುವೆ ನೋಡುತ್ತಲೇ ಕೂರುವ ಅಗತ್ಯವಿಲ್ಲ, ಮನಸ್ಸಿಗೆ ಅದೇ ದೊಡ್ಡ ನೆಮ್ಮದಿ. ಆದರೆ ಕೋನ್ ಓದುವುದನ್ನು ಕಲಿಯಬೇಕು. ಚಂಡಮಾರುತದ ಕಣ್ಣು ಎಲ್ಲಿ ಹಾಯಬಹುದು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಮೂರರಲ್ಲಿ ಎರಡು ಸಲ ಕಣ್ಣು ಅದರೊಳಗೆ ಇರುತ್ತದೆ, ಒಂದು ಸಲ ಹೊರಗೆ. ಗಾಳಿ ಎಷ್ಟು ಅಗಲ, ನೀರು ಎಷ್ಟು ಎತ್ತರ, ಇದು ಯಾವುದೂ ಅದರಲ್ಲಿಲ್ಲ.

ಹೆಲೀನ್ ಇದನ್ನು ನಮಗೆ ಕಣ್ಣಾರೆ ತೋರಿಸಿತು. 2024ರ ಸೆಪ್ಟೆಂಬರ್ 26. ನಮ್ಮ ಊರು ಕೋನ್‌ನ ಹೊರಗಿತ್ತು. ಕಣ್ಣು ನೂರು ಮೈಲಿಗೂ ಜಾಸ್ತಿ ದೂರದಲ್ಲಿ ಹಾದು ಉತ್ತರಕ್ಕೆ ಹೋಗಿ ಪೆರ್ರಿ ಊರಿನ ಹತ್ತಿರ ದಡಕ್ಕೆ ಅಪ್ಪಳಿಸಿತು. ಆದರೂ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಆರೇಳು ಅಡಿ ಮೇಲೆದ್ದಿತು. ನಮ್ಮ ಬೀದಿಯ ಕೆಳತುದಿಯವರೆಗೂ ಬಂತು. ಪಕ್ಕದ ಪಿನೆಲಾಸ್ ಕೌಂಟಿಯಲ್ಲಿ ಜನ ಮನೆಯೊಳಗೇ ಮುಳುಗಿ ಸತ್ತರು. 5ರಿಂದ 8 ಅಡಿ ನೀರು ಬರಬಹುದು ಅಂತ ಹರಿಕೇನ್ ಸೆಂಟರ್ ಮೊದಲೇ ಹೇಳಿತ್ತು. ಅದು ಕೋನ್ ಚಿತ್ರದಲ್ಲಿರಲಿಲ್ಲ, ಪಕ್ಕದ ಸ್ಟಾರ್ಮ್ ಸರ್ಜ್ (ಗಾಳಿ ದಡಕ್ಕೆ ತಳ್ಳುವ ಕಡಲ ನೀರು) ನಕ್ಷೆಯಲ್ಲಿತ್ತು. ಆ ವಾರ ಮಲ್ಪೆಯಿಂದ ಅಮ್ಮ ಫೋನ್ ಮಾಡಿದಾಗ ನಾನು ಕೋನ್ ಚಿತ್ರ ಕಳಿಸಿದ್ದೆ. ಅವರು ನೋಡಿ, "ಗಾಳಿ ಇರಲಿ ಮಗಾ, ನೀರು ಎಲ್ಲಿವರೆಗೆ ಬರ್ತದೆ?" ಅಂದರು. 2021ರ ತೌಕ್ತೆಯಲ್ಲಿ ಕಡಲು ದಡ ತಿಂದಿದ್ದನ್ನು ನೋಡಿದವರು. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಹಾಗಾಗಿ ಈಗ ನನ್ನ ಕ್ರಮ ಹೀಗಿದೆ. ಮೊದಲು ಸರ್ಜ್ ನಕ್ಷೆ, ಆಮೇಲೆ ಕೋನ್, ಕೊನೆಗೆ ಫೋರ್‌ಕಾಸ್ಟ್ ಡಿಸ್ಕಷನ್ ಅನ್ನುವ ಬರಹ. ಈ ಬರಹವನ್ನು ಜಾಸ್ತಿ ಜನ ಓದುವುದಿಲ್ಲ. ಎಲ್ಲಿ ಗೊಂದಲ ಇದೆ, ಯಾಕೆ ಇದೆ ಅಂತ ಮುನ್ಸೂಚನೆ ಬರೆದವರೇ ಹೇಳಿರುತ್ತಾರೆ. ಐದು ನಿಮಿಷದ ಓದು. ಶಾವಿಗೆ ಗೆರೆಗಳನ್ನು ನೋಡುವುದು ಬಿಟ್ಟೇಬಿಟ್ಟಿದ್ದೇನೆ. ನಿಮ್ಮ ಮನೆ ಎ, ಬಿ, ಸಿ ಯಾವ ಇವ್ಯಾಕ್ಯುಯೇಷನ್ ಜೋನ್‌ನಲ್ಲಿದೆ (ಮನೆ ಬಿಟ್ಟು ಹೊರಡಲು ಆದೇಶ ಕೊಡುವ ವಲಯ) ಅಂತ ಇವತ್ತೇ ನೋಡಿಟ್ಟುಕೊಳ್ಳಿ. ನಮ್ಮದು ಬಿ.

ಇನ್ನು ಗಾಳಿಗೆ ಒಡೆಯದ ಹಾಗೆ ಕಿಟಕಿಗಳನ್ನು ಮುಚ್ಚುವ ವಿಷಯ. ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಏಳು ಕಿಟಕಿ, ಮೇಲೆ ನಾಲ್ಕು.

ಇಯಾನ್ ಸಮಯದಲ್ಲಿ ಪ್ಲೈವುಡ್. ಅಂಗಡಿಯಲ್ಲಿ ಎರಡು ಗಂಟೆ ಸಾಲು. 5/8 ಇಂಚು ದಪ್ಪದ ಒಂದು ಪೂರ್ತಿ ಹಾಳೆ ಸುಮಾರು 25 ಕಿಲೋ ತೂಗುತ್ತದೆ. ಅಳತೆ ಹಾಕಿ, ಕೊಯ್ದು, ಕಾಂಕ್ರೀಟ್ ಬ್ಲಾಕ್ ಗೋಡೆಗೆ ತೂತು ಕೊರೆದು, ಸ್ಕ್ರೂ ಬಿಗಿದು ಮುಗಿಸುವಷ್ಟರಲ್ಲಿ ಇಬ್ಬರಿಗೂ ಒಂದೂವರೆ ದಿನ ಹಿಡಿಯಿತು. ಮೇಲಿನ ನಾಲ್ಕು ಕಿಟಕಿ ಹಾಗೇ ಉಳಿದವು. ಕೊನೆಗೆ ಇಯಾನ್ ನಮಗಿಂತ ದಕ್ಷಿಣದಲ್ಲಿ, ಕಾಯೋ ಕೋಸ್ಟಾ ದ್ವೀಪದ ಹತ್ತಿರ ದಡಕ್ಕೆ ಅಪ್ಪಳಿಸಿತು, ನಾವು ಉಳಿದೆವು. ಫೋರ್ಟ್ ಮೈಯರ್ಸ್ ಕಡೆಯವರು ಅನುಭವಿಸಿದರು. ಮರು ವರ್ಷ ಇಡಾಲಿಯಾ ಬಂದಾಗ ನನ್ನ ಗಂಡ ಊರಲ್ಲಿರಲಿಲ್ಲ. ಗರಾಜಿನಲ್ಲಿದ್ದ ಅದೇ ಹಾಳೆಗಳು ತೇವಕ್ಕೆ ಸೊಟ್ಟಗಾಗಿದ್ದವು. ಒಬ್ಬಳೇ ಒಂದನ್ನೂ ಎತ್ತಿ ನಿಲ್ಲಿಸಲು ಆಗಲಿಲ್ಲ. ಒಬ್ಬರ ಕೈಲಿ ಆಗದ ಕೆಲಸ ಅನ್ನುವುದೇ ಪ್ಲೈವುಡ್‌ನ ದೊಡ್ಡ ಕೊರತೆ.

ಅದಕ್ಕೇ 2024ರ ಮಳೆಗಾಲಕ್ಕೆ ಮೊದಲು ಕೆಳಗಿನ ಕಿಟಕಿಗಳಿಗೆ ಅಲ್ಯೂಮಿನಿಯಂ ಪ್ಯಾನೆಲ್ ಮಾಡಿಸಿದೆವು. ಕಿಟಕಿಯ ಮೇಲೆ ಒಂದು ಕಾಲುವೆ ಥರದ ಪಟ್ಟಿ, ಕೆಳಗೆ ಬೋಲ್ಟು ಚಾಚಿಕೊಂಡಿರುವ ಪಟ್ಟಿ, ಎರಡೂ ಗೋಡೆಯಲ್ಲೇ ಇರುತ್ತವೆ. ಪ್ಯಾನೆಲ್ಲನ್ನು ಮೇಲಕ್ಕೆ ಸಿಕ್ಕಿಸಿ, ಕೆಳಗೆ ಬೋಲ್ಟಿಗೆ ಕೂರಿಸಿ, ವಿಂಗ್ ನಟ್ (ಕೈಯಲ್ಲೇ ಬಿಗಿಯುವ ರೆಕ್ಕೆಯ ನಟ್) ತಿರುಗಿಸಿದರೆ ಆಯಿತು. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಕೂರಬೇಕು, ಹಾಗಾಗಿ ಎಡದಿಂದಲೇ ಶುರು ಮಾಡಬೇಕು. ಪ್ರತಿಯೊಂದರ ಹಿಂದೆ ಮಾರ್ಕರಿನಲ್ಲಿ "ಅಡುಗೆಮನೆ 3", "ದೇವರಕೋಣೆ 1" ಅಂತ ಬರೆದಿದ್ದೇನೆ. ಅಂಚು ಚಾಕುವಿನಷ್ಟು ಚೂಪು, ದಪ್ಪ ಗ್ಲೌಸ್ ಇಲ್ಲದೆ ಮುಟ್ಟಲೇಬಾರದು. ಮಿಲ್ಟನ್‌ಗೆ ಇಬ್ಬರೂ ಸೇರಿ ನಾಲ್ಕು ಗಂಟೆಯಲ್ಲಿ ಏಳು ಕಿಟಕಿ ಮುಗಿಸಿದೆವು. ಒಬ್ಬಳೇ ಆದರೂ ಒಂದು ದಿನದಲ್ಲಿ ಮಾಡಬಲ್ಲೆ. ಕೊರತೆ ಅಂದರೆ ಕತ್ತಲು. ಹಗಲು ಹನ್ನೆರಡಕ್ಕೂ ಮನೆ ಗುಹೆ ಥರ. ಅಡುಗೆಮನೆಗೆ ಒಂದು ಪಾರದರ್ಶಕ ಪ್ಯಾನೆಲ್ ಹಾಕಿಸಿಕೊಂಡಿದ್ದು ಒಳ್ಳೆಯದಾಯಿತು. ಬೆಂಕಿ ಬಿದ್ದರೆ ಓಡಲು ಒಂದು ಬಾಗಿಲಿಗಾದರೂ ಪ್ಯಾನೆಲ್ ಹಾಕದೆ ಬಿಡಿ.

ಮೇಲಿನ ನಾಲ್ಕಕ್ಕೆ 2025ರಲ್ಲಿ ಅಕಾರ್ಡಿಯನ್ ಶಟರ್ (ಮಡಿಕೆಮಡಿಕೆಯಾಗಿ ಪಕ್ಕಕ್ಕೆ ಸರಿಯುವ ಶಟರ್) ಹಾಕಿಸಿದೆವು. ಏಣಿ ಬೇಡ. ಕಿಟಕಿ ಸರಿಸಿ ಒಳಗಿನಿಂದಲೇ ಎಳೆದು ಬೀಗ ಹಾಕಿದರೆ ಹತ್ತು ನಿಮಿಷದಲ್ಲಿ ನಾಲ್ಕೂ ಮುಗಿಯಿತು. ದುಡ್ಡು ಪ್ಯಾನೆಲ್‌ಗಿಂತ ಬಹಳ ಜಾಸ್ತಿ. ಆ ವರ್ಷ ಅಮೆರಿಕದ ದಡಕ್ಕೆ ಒಂದೂ ಹರಿಕೇನ್ ಅಪ್ಪಳಿಸಲಿಲ್ಲ, ಹಾಗಾಗಿ ನಿಜವಾದ ಗಾಳಿಗೆ ಅವು ಹೇಗೆ ನಿಲ್ಲುತ್ತವೆ ಅಂತ ನಾನು ನೋಡಿಲ್ಲ. ದುಡ್ಡಿಗೆ ಮಿತಿ ಇದ್ದರೆ ನಮ್ಮ ಹಾಗೆ ಮಾಡಿ: ಕೈಗೆಟಕುವಲ್ಲಿ ಪ್ಯಾನೆಲ್, ಏಣಿ ಬೇಕಾದಲ್ಲಿ ಶಟರ್. ಗರಾಜ್ ಬಾಗಿಲನ್ನೂ ಮರೆಯಬೇಡಿ. ಅದು ಒಳಕ್ಕೆ ಕುಸಿದರೆ ಗಾಳಿ ನುಗ್ಗಿ ಒಳಗಿನಿಂದ ಛಾವಣಿಯನ್ನೇ ಎತ್ತುತ್ತದೆ.

ಮಿಲ್ಟನ್ ಬರುವ ಮೊದಲೇ ನಮ್ಮ ಜೋನ್‌ಗೆ ಹೊರಡಲು ಆದೇಶ ಬಂತು. ಇಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: ನೀರು ಬಂದರೆ ಓಡು, ಗಾಳಿ ಬಂದರೆ ಅಡಗು. ನೂರಾರು ಮೈಲಿ ಓಡಬೇಕಿಲ್ಲ. ಒಳನಾಡಿನ ಲೇಕ್‌ಲ್ಯಾಂಡಿನಲ್ಲಿ ಸ್ನೇಹಿತರ ಗಟ್ಟಿ ಮನೆಗೆ ಹೋದೆವು. ಕಣ್ಣು ನಮಗಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ದ್ವೀಪದ ಹತ್ತಿರ ದಡಕ್ಕೆ ಅಪ್ಪಳಿಸಿದ್ದರಿಂದ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೇ ತಳ್ಳಿತು. ಸ್ವಲ್ಪ ಉತ್ತರಕ್ಕೆ ಅಪ್ಪಳಿಸಿದ್ದರೆ ಅದೇ ನೀರು ನಮ್ಮ ಹಾಲ್‌ನಲ್ಲಿರುತ್ತಿತ್ತು. ಹೋಗಿದ್ದಕ್ಕೆ ಒಂದು ಕ್ಷಣವೂ ಬೇಜಾರಿಲ್ಲ.

ವಾಪಸ್ ಬಂದಾಗ ಕರೆಂಟ್ ಇರಲಿಲ್ಲ. ನಾಲ್ಕು ದಿನ ಬರಲಿಲ್ಲ. ನಮ್ಮಲ್ಲಿ ಪೆಟ್ರೋಲ್ ಜನರೇಟರ್ ಮತ್ತು ಎರಡು ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಪೆಟ್ಟಿಗೆ ಎರಡೂ ಇದ್ದವು. ಬ್ಯಾಟರಿ ಮಂಚದ ಪಕ್ಕದಲ್ಲೇ ಇಡಬಹುದು, ಸದ್ದಿಲ್ಲ, ಹೊಗೆಯಿಲ್ಲ. ಆದರೆ ಫ್ರಿಜ್ ಒಂದಕ್ಕೇ ಒಂದು ದಿನಕ್ಕೆ ಮುಗಿದುಹೋಗುತ್ತದೆ. ಜನರೇಟರ್ ಎಷ್ಟು ಬೇಕಾದರೂ ಓಡುತ್ತದೆ, ಆದರೆ ಪೆಟ್ರೋಲ್ ಬೇಕಲ್ಲ? ಬಂಕುಗಳು ಗಾಳಿಗೆ ಮೊದಲೇ ಖಾಲಿಯಾಗಿದ್ದವು. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲೇ ಇಡಬೇಕು, ಗರಾಜಿನಲ್ಲಿ ಇಡಲೇಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಹಗಲು ಮೂರು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿದೆವು, ರಾತ್ರಿ ಬ್ಯಾಟರಿಯಲ್ಲಿ ಫ್ಯಾನ್, ಫ್ರಿಜ್. ದೋಸೆ ಹಿಟ್ಟೂ ಉಳಿಯಿತು. ಒಂದೇ ಕೊಳ್ಳುವುದಾದರೆ? ಚಿಕ್ಕ ಮಕ್ಕಳಿರುವ ಮನೆಗೆ ನಾನು ಬ್ಯಾಟರಿ ಅನ್ನುತ್ತೇನೆ.

48 ಗಂಟೆಯಲ್ಲಿ ಏನು ಮಾಡಿದರೂ ಆಗದ್ದು ಪ್ರವಾಹದ ವಿಮೆ. ಮನೆಯ ಸಾಮಾನ್ಯ ವಿಮೆ ಕಡಲ ನೀರಿನ ಹಾನಿಗೆ ಪರಿಹಾರ ಕೊಡುವುದಿಲ್ಲ. ಸರ್ಕಾರದ ಎನ್‌ಎಫ್‌ಐಪಿ ವಿಮೆ ಬೇರೆ ತಗೋಬೇಕು, ತಗೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಕೋನ್ ಕಂಡ ಮೇಲೆ ಅರ್ಜಿ ಹಾಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಹರಿಕೇನ್ ಕಾಲ ಜೂನ್ 1ಕ್ಕೆ ಶುರು. ಏಪ್ರಿಲ್‌ನಲ್ಲೇ ಅರ್ಜಿ ಹಾಕಿ. ಆಗಲೇ ಒಂದು ಭಾನುವಾರ ವಿಂಗ್ ನಟ್‌ಗಳಿಗೆ ಎಣ್ಣೆ ಬಿಡಿ, ಉಪ್ಪು ಗಾಳಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ.