ಎಫ್‌ಎಬಿಪಿ4 ಪ್ರೋಟೀನ್: ಬಹಳ ದಿನ ಬಳಸಿದವರ ಮಾತು

ಹೆಬ್ಬಾಳದ ಹತ್ತಿರ ಇರುವ ನಮ್ಮ ಲ್ಯಾಬ್‌ಗೆ ರಿಕಾಂಬಿನೆಂಟ್ ಹ್ಯೂಮನ್ ಎಫ್‌ಎಬಿಪಿ4 (ಕೊಬ್ಬಿನ ಕೋಶಗಳಲ್ಲಿ ಫ್ಯಾಟಿ ಆಸಿಡ್ ಹಿಡಿದುಕೊಳ್ಳುವ ಮನುಷ್ಯರ ಪ್ರೋಟೀನ್, ಲ್ಯಾಬ್‌ನಲ್ಲಿ ತಯಾರಿಸಿದ್ದು) ಅನ್ನು ಬಹಳ ದಿನದಿಂದ ಒಂದೇ ಕಡೆಯಿಂದ ತರಿಸುತ್ತಿದ್ದೇವೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದು, ಹಿಸ್ ಟ್ಯಾಗ್ (ಶುದ್ಧ ಮಾಡಲು ಅಂಟಿಸುವ ಚಿಕ್ಕ ತುಣುಕು) ಇದೆ, ಪುಡಿಯಾಗಿ ಬರುತ್ತದೆ. ಮಾಲು ಚೆನ್ನಾಗಿದೆ. ಆದರೆ ವಯಲ್ ಬಿಚ್ಚಿ ನೇರ ಬೈಂಡಿಂಗ್ ಅಸ್ಸೇಗೆ (ಪ್ರೋಟೀನಿಗೆ ಏನು ಎಷ್ಟು ಅಂಟುತ್ತದೆ ಅಂತ ಅಳೆಯುವ ಪರೀಕ್ಷೆ) ಹಾಕಬಹುದು ಅಂದುಕೊಂಡಿದ್ದರೆ ಸ್ವಲ್ಪ ತಡೀರಿ.

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ 15% ಜೆಲ್‌ನಲ್ಲಿ ಓಡಿಸಿದರೆ 15 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಒಂದೇ ಬ್ಯಾಂಡ್, ಟ್ಯಾಗ್ ಇರುವುದರಿಂದ ಒಂಚೂರು ಮೇಲೆ. ಲಾಟ್ ಬದಲಾದರೂ ಹಾಗೇ ಇದೆ. ಬ್ಲಾಟ್ ಮಾಡುವವರು (ಜೆಲ್‌ನಿಂದ ಪ್ರೋಟೀನನ್ನು ಮೆಂಬ್ರೇನ್‌ಗೆ ಇಳಿಸುವವರು) 0.2 ಮೈಕ್ರಾನ್ ಮೆಂಬ್ರೇನ್ ತಗೊಳ್ಳಿ, 0.45ರಲ್ಲಿ ಇಷ್ಟು ಚಿಕ್ಕ ಪ್ರೋಟೀನ್ ದಾಟಿಕೊಂಡು ಹೋಗಿಬಿಡುತ್ತದೆ.

ಡೇಟಾಶೀಟ್‌ನಲ್ಲಿ ಪ್ಯೂರಿಟಿ 95%ಗಿಂತ ಜಾಸ್ತಿ ಅಂತ ಬರೆದಿದ್ದಾರೆ, ಅದು ನಿಜವೇ. ಆದರೆ ಜೆಲ್‌ನಲ್ಲಿ ಕೊಬ್ಬು ಕಾಣಿಸುವುದಿಲ್ಲ ಅಲ್ವಾ? ಈ ಪ್ರೋಟೀನಿನ ಕೆಲಸವೇ ಫ್ಯಾಟಿ ಆಸಿಡ್ ಹಿಡಿದುಕೊಳ್ಳುವುದು, ಹಾಗಾಗಿ ಇ. ಕೋಲೈ ಒಳಗೆ ತಯಾರಾಗುವಾಗಲೇ ಆ ಬ್ಯಾಕ್ಟೀರಿಯಾದ್ದೇ ಫ್ಯಾಟಿ ಆಸಿಡ್ ಬಂದು ಪ್ರೋಟೀನಿನ ಒಳಗಿನ ಪಾಕೆಟ್‌ನಲ್ಲಿ ಕೂತಿರುತ್ತದೆ, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಖಾಲಿ ಸೀಟಿನ ಮೇಲೆ ಯಾರದೋ ಟವೆಲ್ ಇರುತ್ತದಲ್ಲ, ಹಾಗೆ. ನಾವು ಬಳಸುವುದು ಎಎನ್‌ಎಸ್ ಡೈ. ನೀರಿನಲ್ಲಿ ಅದು ಹೆಚ್ಚುಕಮ್ಮಿ ಮಂಕು, ಪಾಕೆಟ್ ಒಳಗೆ ಹೋದರೆ ಜೋರಾಗಿ ಹೊಳೆಯುತ್ತದೆ, ಆಮೇಲೆ ಒಲಿಯಿಕ್ ಆಸಿಡ್ (ಒಂದು ಫ್ಯಾಟಿ ಆಸಿಡ್) ಹಾಕುತ್ತಾ ಹೋದರೆ ಡೈ ಹೊರಗೆ ಬಂದು ಸಿಗ್ನಲ್ ಇಳಿಯಬೇಕು. ವಯಲ್‌ನಿಂದ ತೆಗೆದ ಹಾಗೇ ಹಾಕಿದಾಗ ಸಿಗ್ನಲ್ ಸಪ್ಪೆ. ಅದೇ ಲಾಟನ್ನು ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ಲಿಪಿಡೆಕ್ಸ್ ಕಾಲಂನಲ್ಲಿ 37 ಡಿಗ್ರಿಯಲ್ಲಿ ಹಾಯಿಸಿ ಕೊಬ್ಬು ತೆಗೆದ ಮೇಲೆ ಸಿಗ್ನಲ್ ಏರಿತು, ಅದೇ ಪಾಕೆಟ್‌ನಲ್ಲಿ ಕೂರುವ ಬಿಎಂಎಸ್309403 ಇನ್ಹಿಬಿಟರ್ ಹಾಕಿದರೆ ನೀಟಾಗಿ ಇಳಿಯಿತು. ಕಾಲಂನಲ್ಲಿ ಸ್ವಲ್ಪ ಪ್ರೋಟೀನ್ ಹೋಗುತ್ತದೆ, ಆರ್ಡರ್ ಮಾಡುವಾಗಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು, ಕೊಟೇಶನ್ ಕೇಳುವಾಗಲೇ ಕ್ಯಾರಿಯರ್ ಫ್ರೀ (ಬೇರೆ ಪ್ರೋಟೀನ್ ಬೆರೆಸದ್ದು) ಅಂತ ಒತ್ತಿ ಹೇಳಿ. ಕರಗಿಸುವಾಗ 0.1% ಬಿಎಸ್‌ಎ (ಹಸುವಿನ ಆಲ್ಬುಮಿನ್) ಸೇರಿಸಿ ಅನ್ನುವ ಸಲಹೆ ತುಂಬಾ ಪ್ರೋಟೀನ್‌ಗಳ ಜೊತೆ ಬರುತ್ತದೆ. ರಕ್ತದಲ್ಲಿ ಫ್ಯಾಟಿ ಆಸಿಡ್ ಹೊತ್ತು ತಿರುಗುವುದೇ ಆಲ್ಬುಮಿನ್, ಅದನ್ನೇ ಇಲ್ಲಿ ಸುರಿದರೆ ಅಳೆಯುವುದು ಏನನ್ನು?

ಡೆಲಿವರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇವನಹಳ್ಳಿಯಲ್ಲಿ ಇಳಿದ ಪಾರ್ಸೆಲ್ ಕಸ್ಟಮ್ಸ್ ದಾಟಿ ನಮ್ಮ ಕೈಗೆ ಬರುವಷ್ಟರಲ್ಲಿ ಡ್ರೈ ಐಸ್ ಆವಿಯಾಗಿ ಬರೀ ಥರ್ಮೋಕೋಲ್ ಡಬ್ಬ ಉಳಿದದ್ದೂ ಇದೆ. ಪುಡಿಯಾದ್ದರಿಂದ ಏನೂ ಆಗಲಿಲ್ಲ. ಬಿಚ್ಚುವ ಮುಂಚೆ ಒಮ್ಮೆ ಸ್ಪಿನ್ ಮಾಡಿ, ಪುಡಿ ಮುಚ್ಚಳಕ್ಕೆ ಅಂಟಿಕೊಂಡಿರುತ್ತದೆ. ಕರಗಿಸಿದ ದಿನವೇ ಸಣ್ಣ ಸಣ್ಣ ಅಲಿಕಾಟ್ (ಪಾಲು) ಮಾಡಿ -80 ಡಿಗ್ರಿ ಫ್ರೀಜರ್‌ಗೆ ಹಾಕಿ.

ಸೆಲ್‌ಗಳ ಮೇಲೆ ಹಾಕುವವರಿಗೆ ನನ್ನ ದೂರು ಒಂದಿದೆ. ಎಂಡೋಟಾಕ್ಸಿನ್ (ಇ. ಕೋಲೈ ಹೊರಪದರದಿಂದ ಬರುವ ಎಲ್‌ಪಿಎಸ್) ಎಷ್ಟಿದೆ ಅಂತ ಡೇಟಾಶೀಟ್‌ನಲ್ಲಿ ಹಾಕಿಲ್ಲ, ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮೇಲೆ ಫೋನ್ ಮಾಡಿದ ಮೇಲೆ ಆ ಲಾಟಿನ ಸರ್ಟಿಫಿಕೇಟ್ ಕಳಿಸಿದರು. ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಸೆಲ್‌ಗಳಲ್ಲಿ ಟಿಎನ್‌ಎಫ್ (ಉರಿಯೂತದ ಸಂಕೇತ) ಏರಿದರೆ ಅದು ಎಫ್‌ಎಬಿಪಿ4 ಮಾಡಿದ್ದೋ ಎಲ್‌ಪಿಎಸ್ ಮಾಡಿದ್ದೋ ಗೊತ್ತಾಗಬೇಕಲ್ಲ. ಸುಮ್ನೆ ನಂಬಬೇಡಿ, ಒಂದು ಅಲಿಕಾಟ್ ಚೆನ್ನಾಗಿ ಕುದಿಸಿ ಜೊತೆಗೆ ಓಡಿಸಿ. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಕುದಿಸಿದ್ದರಲ್ಲೂ ಅಷ್ಟೇ ಟಿಎನ್‌ಎಫ್ ಬಂದರೆ ಆ ಲಾಟನ್ನು ಬೈಂಡಿಂಗ್ ಕೆಲಸಕ್ಕೆ ಇಟ್ಟುಕೊಳ್ಳಿ, ಸೆಲ್ ಹತ್ತಿರ ತರಬೇಡಿ.